ಚಿಮ್ಮನಚೋಡದ ನೋವು

ನನ್ನ ಮೈನೋವು ಎಲ್ಲಿಂದ ಬಂತು ಎನ್ನುವುದು ಡಾಕ್ಟರಿಗಿಂತ ಮೊದಲೇ ನಮ್ಮ ಅತ್ತೆ ಚಂದಮ್ಮನಿಗೆ ಗೊತ್ತಿತ್ತು. ಅದು ನನ್ನ ತವರು ಚಿಮ್ಮನಚೋಡದಿಂದ ಬಂದದ್ದು. ಕುತ್ತಿಗೆ, ಭುಜ, ಸೊಂಟ, ಎಲ್ಲಿ ಮುಟ್ಟಿದರೂ ನೋವು. ರಾತ್ರಿಯೆಲ್ಲ ಮಲಗಿದರೂ ಬೆಳಿಗ್ಗೆ ನಿದ್ದೆಗೆಟ್ಟವಳಂತೆ ಏಳುತ್ತಿದ್ದೆ. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಕೈ ಸೋತುಹೋಗುತ್ತಿತ್ತು. 'ಮೈಗಳ್ಳತನಕ್ಕ ಔಷಧ ಇಲ್ಲ,' ಎಂದು ಅತ್ತೆ ಶಹಾಬಾದದ ನಮ್ಮ ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. ನಾನೇನು ಕಡಿಮೆಯೇ? ತವಾ ಕುಕ್ಕಿದರೆ ಅದೂ ಓಣಿಗೆಲ್ಲ ಕೇಳುತ್ತಿತ್ತು.

ತಮಾಷೆ ಎಂದರೆ, ಚಂದಮ್ಮ ನನಗೆ ಎರಡೂ ಕಡೆಯಿಂದ ಅತ್ತೆ. ಗಂಡನ ತಾಯಿ, ನನ್ನ ಅಪ್ಪನ ಒಡಹುಟ್ಟಿದ ತಂಗಿ. ನಮ್ಮಲ್ಲಿ ಅಣ್ಣನ ಮಗಳನ್ನು ಸೊಸೆ ಮಾಡಿಕೊಳ್ಳುವುದು ಹೊಸದೇನಲ್ಲ. 'ಅದು ನಿನ್ನ ತವರೂ ಹೌದಲ್ಲ, ಅತ್ತಿ,' ಎಂದರೆ, 'ನಾ ಬಿಟ್ಟು ಬಂದಾಗ ಮನಿ ಚಲೋ ಇತ್ತು,' ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಕೊನೆಗೆ ಒಂದು ತೀರ್ಮಾನವಾಯಿತು. ಸೇಡಂನಲ್ಲಿ ಮತೀನ ಡಾಕ್ಟರಿಗೆ ತೋರಿಸುವುದು. 'ರಿಪೋರ್ಟಿನಾಗ ಏನೂ ಇಲ್ಲಂದ್ರ ಅಲ್ಲಿಂದಲೇ ಬಸ್ ಹತ್ತು. ಎಲ್ಲಿಂದ ತಂದೀಯೋ ಅಲ್ಲೇ ವಾಸಿ ಮಾಡ್ಕೊಂಡು ಬಾ,' ಎಂದು ಅತ್ತೆ ನನ್ನ ಬಟ್ಟೆಬರೆ ಬ್ಯಾಗಿಗೆ ತುಂಬಿದಳು. ಗಂಡ ಶರಣಕುಮಾರ ಬಾಗಿಲ ಬಳಿ ನಿಂತು ಮೊಬೈಲ್ ಒರೆಸುತ್ತಿದ್ದ. ಶಾಲೆಗೆ ಹೋಗುವ ಮಗಳನ್ನು ಬಿಟ್ಟು ಎಷ್ಟು ತಿಂಗಳು ಇರಬೇಕೋ ಎಂದು ವಾಡಿ ದಾಟುವವರೆಗೂ ರೈಲಿನಲ್ಲಿ ಪಕ್ಕದಲ್ಲೇ ಕುಳಿತಿದ್ದ ಅತ್ತೆ ನೋಡದ ಹಾಗೆ ಕಣ್ಣೊರೆಸಿಕೊಂಡೆ.

ಡಾಕ್ಟರು ರಕ್ತ, ಎಕ್ಸ್‌ರೇ ರಿಪೋರ್ಟುಗಳನ್ನೆಲ್ಲ ನೋಡಿದರು. 'ಎಲ್ಲಾ ನಾರ್ಮಲ್ ಅವ.'

ಅತ್ತೆ ಬ್ಯಾಗ್ ಎತ್ತಿಕೊಂಡಳು. 'ನಡಿ, ಬಸ್ಸಿಗೆ ಹೊತ್ತಾತು.'

'ಕುಂದ್ರಿ ಅಮ್ಮ. ರಿಪೋರ್ಟ್ ನಾರ್ಮಲ್ ಅಂದ್ರ ನೋವು ಸುಳ್ಳು ಅಂತಲ್ಲ.' ಡಾಕ್ಟರು ನನ್ನ ಭುಜ, ಬೆನ್ನು ಒತ್ತಿ ನೋಡಿದರು. ನಿದ್ದೆ, ದಣಿವು, ಮರೆವು, ಎಲ್ಲ ವಿಚಾರಿಸಿದರು. 'ಇದಕ್ಕ ಫೈಬ್ರೊಮಯಾಲ್ಜಿಯ ಅಂತಾರ. ಟೀವಿ ಆವಾಜ್ ಜಾಸ್ತಿ ಇಟ್ಟಾಂಗ, ಮಿದುಳು ನೋವಿನ ಆವಾಜ್ ಜಾಸ್ತಿ ಮಾಡಿ ಕೇಳಸ್ತದ. ಮನೆತನದಾಗ ಹಿಂದ ಯಾರಿಗರ ಹಿಂಗಿತ್ತೇನು?'

ಅತ್ತೆಯ ಮುಖ ಅರಳಿತು. 'ನಾ ಹೇಳಿದ್ದಿಲ್ಲೇನು, ಎಲ್ಲಾ ತವರಮನಿದು. ಇಕಿ ಅಜ್ಜಿಗಿತ್ತು. ಬೀಸೋ ಕಲ್ಲಿನ ಮುಂದ ಕುಂತ್ರ ಅಳಾಕಿ. ಮೈ ಮುಟ್ಟಿದ್ರ ಸಾಕು, ಸತ್ತೆ ಅನ್ನಾಕಿ. ಭಾಳ ನಾಟಕದಾಕಿ ಅಂತ ಎಲ್ಲಾರೂ ನಗತಿದ್ವಿ.'

'ಆ ಅಜ್ಜಿ ನಿಮಗೇನಾಗಬೇಕು?'

'ನಮ್ಮವ್ವ.'

ಹೇಳಿದವಳ ಕೈ ತಾನಾಗಿ ತನ್ನ ಭುಜಕ್ಕೆ ಹೋಯಿತು. ಡಾಕ್ಟರು ಅವಳ ಭುಜದ ಮೇಲೆ ಕೈಯಿಟ್ಟರು.

'ನನಗೇನೂ ಆಗಿಲ್ಲ. ರಾತ್ರಿ ಬಿಸಿ ಇಟ್ಟಿಗಿ ಇಟ್ಕೊಂಡ್ರ ಆತು,' ಎಂದಳು ಅತ್ತೆ. ಡಾಕ್ಟರು ಹೆಬ್ಬೆರಳು ಒತ್ತಿದರು. 'ಯವ್ವಾ' ಎಂದು ಅವಳು ಕೂಗಿದ್ದಕ್ಕೆ ಹೊರಗೆ ಸರದಿಯಲ್ಲಿದ್ದವರೆಲ್ಲ ಇಣುಕಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದೆ.

'ಎಂದಿನಿಂದ ಇಟ್ಟಿಗಿ ಇಡಾಕತ್ತೀರಿ?'

'ಇಕಿ ಗಂಡ ಹುಟ್ಟಿದಾಗಿಂದ,' ಎಂದಳು ಅತ್ತೆ, ಸಣ್ಣ ದನಿಯಲ್ಲಿ. ನನ್ನ ನಗು ಅಲ್ಲಿಗೇ ನಿಂತಿತು. ಆ ಇಟ್ಟಿಗೆಯನ್ನು ದಿನಾ ಒಲೆಯ ಬದಿಗೆ ನೋಡುತ್ತಿದ್ದೆ. ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ.

'ಇದು ಯಾವುದೋ ಒಂದು ಜೀನ್‌ನಿಂದ ಬರೋದಲ್ಲ,' ಎಂದರು ಡಾಕ್ಟರು. 'ಸಣ್ಣಸಣ್ಣವು ಭಾಳ ಕೂಡ್ತಾವ. ಒಬ್ಬರಿಗಿದ್ರ ರಕ್ತಸಂಬಂಧದವರಿಗೆ ಬರೋ ಸಂಭವ ಹೆಚ್ಚು.'

'ಹಂಗಾದ್ರ ನನ್ನ ಮೊಮ್ಮಗಳಿಗೆ?'

'ಬಂದೇ ಬರ್ತದ ಅಂತೇನಿಲ್ಲ. ಚಿಂತಿ, ನಿದ್ದಿಗೇಡು, ಪೆಟ್ಟು, ಇವೂ ಕೂಡಬೇಕು. ಬಂದ್ರ, ಅಕಿ ನೋವು ಅಂದಾಗ ನಂಬ್ರಿ. ಮೊದಲನೇ ಔಷಧ ಅದೇ.' ಆಮೇಲೆ ಗುಳಿಗೆ ಬರೆದರು. ದಿನಾ ಸ್ವಲ್ಪಸ್ವಲ್ಪ ನಡೆಯಿರಿ, ನಿಧಾನಕ್ಕೆ ಹೆಚ್ಚಿಸಿರಿ ಎಂದು ಇಬ್ಬರಿಗೂ ಹೇಳಿದರು.

ಬಸ್ ನಿಲ್ದಾಣದಲ್ಲಿ ತವರಿನ ದಾರಿಯ ಚಿಂಚೋಳಿ ಬಸ್ ನಿಂತಿತ್ತು. ಅತ್ತೆ ನನ್ನ ಬ್ಯಾಗನ್ನು ಒಳಗಿಟ್ಟಳು. ಇಷ್ಟೆಲ್ಲ ಆದ ಮೇಲೂ ಈ ಮುದುಕಿ ಬದಲಾಗಲಿಲ್ಲವಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. 'ಇನ್ನೂ ಕಳಸ್ತೀಯೇನು, ಅತ್ತಿ?'

ಅವಳು ತಾನೇ ಹತ್ತಿ ಕಿಟಕಿಯ ಬದಿಗೆ ಸರಿದು ಕುಳಿತಳು. 'ನಿನ್ನೊಬ್ಬಾಕಿನ್ನ ಯಾಕ ಕಳಸಲಿ? ಬಾ, ಕುಂದ್ರು.' ಮಗನಿಗೆ ಫೋನ್ ಹಚ್ಚಿ, 'ಇವತ್ತು ನಾವು ಬರಂಗಿಲ್ಲ. ರೊಟ್ಟಿ ನೀನೇ ಬಡಿ, ಕೂಸಿಗೆ ಸುಟ್ಟದ್ದು ಹಾಕಬ್ಯಾಡ,' ಎಂದಳು.

ಸೇಡಂ ದಾಟಿದ ಮೇಲೆ ಕಿಟಕಿಯತ್ತ ಮುಖ ಮಾಡಿ, 'ನಮ್ಮವ್ವ ಖರೇನೇ ಹೇಳ್ತಿದ್ದಳು, ರಾಜಿ. ಒಬ್ಬರೂ ನಂಬಲಿಲ್ಲ,' ಎಂದಳು. ಅವಳ ಕೈ ಹಿಡಿದುಕೊಂಡೆ, ಮೆಲ್ಲಗೆ, ನೋಯದ ಹಾಗೆ. ಮದುವೆಯಾದಂದಿನಿಂದ ಅವಳ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ.

ಚಿಮ್ಮನಚೋಡದಲ್ಲಿ ಅಪ್ಪ ಕಾಶೀನಾಥ ಕಟ್ಟೆಯ ಮೇಲೆ ಕುಳಿತಿದ್ದ. ನನ್ನ ಬ್ಯಾಗ್ ನೋಡಿ ಅವನ ಮುಖ ಬಿಳಿಚಿತು. 'ಏನಾತು ಚಂದವ್ವಾ? ಹುಡುಗಿ ಏನರ ತಪ್ಪು ಮಾಡ್ಯಾಳೇನು?'

ಅತ್ತೆ ಕಾಲು ಸಹ ತೊಳೆಯದೆ ಅವನ ಹಿಂದೆ ಹೋಗಿ ನಿಂತು, ಭುಜಕ್ಕೆ ಹೆಬ್ಬೆರಳು ಒತ್ತಿದಳು.

'ಯವ್ವಾ,' ಎಂದು ಅಪ್ಪ ಕೂಗಿದ.

ಅತ್ತೆ ನಕ್ಕಳು. ನಗುತ್ತಲೇ ಅತ್ತಳು. 'ನೋಡು ರಾಜಿ, ಇವನೂ ನಮ್ಮವ್ವನ ಮಗನೇ.' ಸೆರಗಿನಿಂದ ಕಣ್ಣೊರೆಸಿಕೊಂಡು, 'ಏಳಣ್ಣ, ಚಪ್ಪಲಿ ಹಾಕ್ಕೋ. ಮೂರೂ ಮಂದಿ ಅವ್ವನ ಸಮಾಧಿ ತನಕ ನಡಕೊಂಡು ಹೋಗಿ ಬರೋಣು,' ಎಂದಳು.