ಡಬ್ಬಿಯ ಪೆನ್ಸಿಲ್

ಅದು ಕೆಮ್ಮಲ್ಲ, ಬೆಂಚು ಕಿರುಗುಟ್ಟಿದ್ದು, ಅಲ್ಲ, ಕೆಮ್ಮೇ, ಆದರೆ ಕಿಟಕಿಯ ಕಡೆಯಿಂದ ಬಂತೋ ಗೋಡೆಯ ಕಡೆಯಿಂದಲೋ, ಗೋಡೆಯ ಕಡೆ ಕೂತಿರುವವಳು ತನ್ನ ಮಗಳು — ಟೀಚರ್ ಸೀಮೆಸುಣ್ಣವನ್ನು ಹಲಗೆಗೆ ಒತ್ತಿಕೊಂಡೇ ನಿಂತಳು, ಹದಿನೇಳು ಬರೆಯಹೊರಟ ಕೈ ಒಂದು ಬರೆದು ನಿಂತಿದೆ, ಹೊಲದ ಕಡೆಯ ಗಾಳಿ ಕುತ್ತಿಗೆಗೆ ತಾಕುತ್ತಿದೆ, ಕಿಟಕಿಗಳೆಲ್ಲ ತೆರೆದಿರಬೇಕು ಅಂತ ಸಭೆಯಲ್ಲಿ ಹೇಳಿದವಳೂ ಇವಳೇ, ಪಕ್ಕದ ತರಗತಿ ಆಗಲೇ ಅರ್ಧ ಖಾಲಿ, ಫ್ಲೂ ಮನೆಯಿಂದ ಮನೆಗೆ ದಾಟುತ್ತಿದೆ, ಊಟಕ್ಕೆ ಮುಂಚೆ ಸೋಪು, ಅವರವರ ಲೋಟ ಅವರವರ ಮನೆಯಿಂದ, ಮೈ ಬೆಚ್ಚಗಿದ್ದರೆ ಗೇಟಿನಿಂದಲೇ ವಾಪಸ್ಸು, ಹೆಡ್‌ಮಾಸ್ಟರು ತಲೆಯಾಡಿಸಿ, ಹಾಗಾದ್ರೆ ಗೇಟಲ್ಲಿ ನೀವೇ ನಿಂತ್ಬಿಡಿ ಮೇಡಂ, ನಿಮ್ಮ ಮುಖ ನೋಡಿದ್ರೆ ಜ್ವರಕ್ಕೇ ಚಳಿ ಬರುತ್ತೆ ಎಂದದ್ದು, ಎಲ್ಲರೂ ನಕ್ಕದ್ದು, ಇವಳೂ ನಕ್ಕಿದ್ದಳಲ್ಲ. ಇವತ್ತು ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ಎಬ್ಬಿಸಲು ಹೋದರೆ ಮಗಳ ಕುತ್ತಿಗೆ ಬಿಸಿ, ನಿದ್ದೆಯ ಬಿಸಿ ಇರಬೇಕು, ಕಂಬಳಿ ದಪ್ಪ, ಹಾಗಂದುಕೊಳ್ಳುತ್ತಿರುವಾಗಲೇ ಕೈ ಕಪಾಟಿನ ಜ್ವರದ ಸಿರಪ್ಪಿಗೆ ಹೋಗಿತ್ತು, ಮನಸ್ಸು ಒಪ್ಪದ್ದು ಕೈಗೆ ಗೊತ್ತಿತ್ತು. ಗಂಡ ಲಾರಿ ಹತ್ತಿ ಹೋದವನು ಬರುವುದು ಮುಂದಿನ ವಾರ, ಅತ್ತೆ ನಾದಿನಿಯ ಹೆರಿಗೆಗೆ ಹೋಗಿದ್ದಾರೆ, ರಜೆ ಹಾಕಿದರೆ ಗೇಟಿಗೆ ಯಾರು. ಅಮ್ಮಾ, ಕಹಿ. ನುಂಗು. ಮುಂದಿನ ಹಲ್ಲು ಬಿದ್ದ ಸಂದಿಯಿಂದ ಸಿರಪ್ಪು ಗಲ್ಲಕ್ಕೆ ಇಳಿಯಿತು, ಸೆರಗಿನಲ್ಲಿ ಒರೆಸುತ್ತ, ಯಾರಿಗೂ ಹೇಳ್ಬೇಡ ಆಯ್ತಾ — ಅದನ್ನೇಕೆ ಹೇಳಿದಳು, ಬರೀ ನಿದ್ದೆಯ ಬಿಸಿಯಾಗಿದ್ದರೆ ಅದನ್ನೇಕೆ ಹೇಳಬೇಕಿತ್ತು.

ಗೇಟಿನಲ್ಲಿ ಜ್ವರ ನೋಡುವ ಗನ್ನನ್ನು ಮಗಳ ಹಣೆಗೆ ಹಿಡಿದಾಗ ಹಸಿರು ದೀಪ, ಸಿರಪ್ಪು ತನ್ನ ಕೆಲಸ ಮಾಡಿತ್ತು, ಮಗಳು ಪರೀಕ್ಷೆ ಪಾಸಾದವಳಂತೆ ಆ ಸಂದಿ ತೋರಿಸಿ ನಕ್ಕು ಒಳಗೆ ಓಡಿದಳು, ಹಿಂದೆಯೇ ಇಟ್ಟಿಗೆಗೂಡಿನ ಕೆಲಸದವಳ ಮಗ, ಅವನಿಗೆ ಕೆಂಪು. ಇವತ್ತೊಂದಿನ ಕೂರಿಸ್ಕೊಳ್ಳಿ ಮೇಡಂ, ಮೂಲೇಲಿ ಬಿದ್ದಿರ್ತಾನೆ, ನಾನು ಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಬರಲೇಬೇಡ ಅಂತಾರೆ. ನಿಮ್ಮೊಬ್ಬರ ಮಗನಿಗೋಸ್ಕರ ಇಷ್ಟು ಮಕ್ಕಳನ್ನ ಮಲಗಿಸೋಕಾಗುತ್ತಾ — ಎಷ್ಟು ಸಲೀಸಾಗಿ ಬಂತು ಮಾತು, ಅಳುಕಿಲ್ಲ, ತೊದಲಿಲ್ಲ, ಅವಳು ಹುಡುಗನನ್ನು ಸೊಂಟಕ್ಕೇರಿಸಿಕೊಂಡು ಹೋದಳು, ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದಳು, ಇವಳನ್ನೋ ಗೇಟನ್ನೋ. ಆಮೇಲೆ ಗುಬ್ಬಿಯ ಅಜ್ಜಿ, ಗುಬ್ಬಿ ಅಂತ ಊರೇ ಕರೆಯುವುದು, ಎಲುಬಿನ ಮೇಲೆ ಫ್ರಾಕು ತೊಡಿಸಿದಂಥ ಹುಡುಗಿ, ಉಸಿರಾಡಿದರೆ ಕತ್ತಿನ ಗುಳಿ ಒಳಗೆ ಹೋಗಿ ಬರುತ್ತದೆ, ಹೋದ ಸಲ ನೆಗಡಿ ಅಂತ ಶುರುವಾದದ್ದು ಎದೆಗಿಳಿದು ಆಸ್ಪತ್ರೆ ಸೇರಿಸುವಂತಾಗಿತ್ತು. ಇನ್ನೊಂದ್ಸಲ ಆದ್ರೆ ತಡ್ಕೊಳಲ್ಲ ಅಂದಿದ್ದಾರೆ ಡಾಕ್ಟ್ರು, ಗೇಟಲ್ಲಿ ನೀನಿದ್ದೀಯಲ್ಲ ತಾಯಿ, ಅದಕ್ಕೇ ಧೈರ್ಯವಾಗಿ ಬಿಟ್ಟು ಹೋಗ್ತಿದೀನಿ, ಮುದುಕಿಯ ಅಂಗೈ ಇವಳ ಮೊಣಕೈ ಮೇಲೆ ಒರಟಾಗಿ ಬೆಚ್ಚಗೆ, ಬೆಚ್ಚಗೆ. ಅದಕ್ಕೇ ಗುಬ್ಬಿಗೆ ಕಿಟಕಿಯ ಪಕ್ಕ ಒಂಟಿ ಬೆಂಚು, ಬೇರೆ ಲೋಟ, ಸುತ್ತ ಯಾರೂ ಇಲ್ಲ, ಕೋಣೆಯ ಉದ್ದಗಲ ಮಗಳಿಗೂ ಅವಳಿಗೂ ನಡುವೆ ಇದೆ, ಇಷ್ಟು ದೂರ ಸಾಕಲ್ಲ, ಗಾಳಿ ಆಡುತ್ತಿದೆಯಲ್ಲ, ಗಂಟೆ ಹೊಡೆದ ತಕ್ಷಣ ಮಗಳನ್ನು ಸ್ಟಾಫ್ ರೂಮಿನಲ್ಲಿ ಮಲಗಿಸಿದರಾಯಿತು, ಹೊಟ್ಟೆನೋವು ಅಂದರಾಯಿತು.

ಮತ್ತೆ ಅದೇ ಸದ್ದು, ಈ ಸಲ ಅನುಮಾನವಿಲ್ಲ, ಗೋಡೆಯ ಕಡೆಯೇ. ತಿರುಗಿದಳು. ಮಗಳು ಬೆಂಚಿನ ಮೇಲೆ ಕೆನ್ನೆಯಿಟ್ಟಿದ್ದಾಳೆ, ಕಣ್ಣು ಕೆಂಪು, ಸಿರಪ್ಪಿನ ಬಲ ಇಳಿದುಹೋಯಿತು, ಮುಂದೆ ಪೆನ್ಸಿಲ್ ಇಲ್ಲ, ಪೆನ್ಸಿಲ್ ಎಲ್ಲಿ — ಮೇಜಿನ ಮೇಲಿನ ಹಳೆಯ ಬಿಸ್ಕತ್ತು ಡಬ್ಬಿ ಕಣ್ಣಿಗೆ ಬಿತ್ತು, ಮುಚ್ಚಳ ತೆರೆದಿದೆ. ಯಾರಪ್ಪನಿಗೆ ಕೊಳ್ಳಲು ಆಗುತ್ತದೆ ಯಾರಪ್ಪನಿಗೆ ಆಗುವುದಿಲ್ಲ ಅಂತ ಮಕ್ಕಳಿಗೆ ಗೊತ್ತಾಗಬಾರದೆಂದು ಇವಳೇ ಮಾಡಿದ ಪದ್ಧತಿ, ಬರೆದಾದ ಮೇಲೆ ಎಲ್ಲ ಪೆನ್ಸಿಲ್ಲೂ ಡಬ್ಬಿಗೆ, ಮತ್ತೆ ಬರೆಯುವಾಗ ಡಬ್ಬಿ ಸುತ್ತುತ್ತದೆ, ಕೈಗೆ ಸಿಕ್ಕಿದ್ದು ಅವರದ್ದು, ಲೋಟ ಬೇರೆ ಮಾಡಿದಳು, ಬೆಂಚು ಬೇರೆ ಮಾಡಿದಳು, ಡಬ್ಬಿಯನ್ನು ಮರೆತಳು, ವಿರಾಮಕ್ಕೆ ಮುಂಚೆ ಮಗಳು ಬರೆಯುತ್ತಿದ್ದಳು, ಬರೆಯುವುದಕ್ಕಿಂತ ಹೆಚ್ಚು ಅಗಿಯುತ್ತಿದ್ದಳು, ಎಷ್ಟು ಗದರಿದರೂ ಬಿಡದ ಚಾಳಿ, ಅಗಿದ ಕಬ್ಬಿನ ತುದಿಯ ಹಾಗೆ — ಮತ್ತೆ ಈಗ, ಲೆಕ್ಕಕ್ಕೆ ಅಂತ, ಇದೇ ಈಗ ಡಬ್ಬಿ ಒಂದು ಸುತ್ತು ಬಂತು. ಕಿಟಕಿಯ ಪಕ್ಕ ಗುಬ್ಬಿ ಹಲಗೆಯನ್ನೇ ನೋಡುತ್ತಿದ್ದಾಳೆ, ಒಂದರ ಮುಂದೆ ಏನು ಬರುತ್ತದೋ ಎಂದು ಕಾಯುತ್ತ, ಪೆನ್ಸಿಲ್ಲಿನ ಹಿಂತುದಿ ತುಟಿಗಳ ನಡುವೆ.

ಬಾಯಿಂದ ತೆಗಿ, ಗುಬ್ಬಿ. ದನಿ ಹಾಗೆ ಬರಬಾರದಿತ್ತು, ಇಡೀ ತರಗತಿ ತಲೆಯೆತ್ತಿತು, ಯಾಕೆ ಅಂತ ಕೇಳುತ್ತಾರೆ, ಹೆಡ್‌ಮಾಸ್ಟರು ಕೇಳುತ್ತಾರೆ, ಮುದುಕಿ ಕೇಳುತ್ತಾಳೆ, ಇಟ್ಟಿಗೆಗೂಡಿನವಳು ಏನೂ ಕೇಳದೆ ನೋಡುತ್ತಾಳೆ, ಗುಬ್ಬಿ ಹೆದರಿ ಪೆನ್ಸಿಲ್ ತೆಗೆದು ಫ್ರಾಕಿಗೆ ಒರೆಸಿ ಅಂಗೈ ಮೇಲಿಟ್ಟು ಚಾಚಿದಳು.

ನಾನಲ್ಲ ಮಿಸ್, ಇದು ಮೊದ್ಲೇ ಒದ್ದೆಯಿತ್ತು.

ಬಣ್ಣ ಎದ್ದ ತುದಿ, ಹಸಿ ಮರ, ಈಚೆಗೊಂದು ಹಲ್ಲಿನ ಗುರುತು, ಆಚೆಗೊಂದು ಹಲ್ಲಿನ ಗುರುತು, ನಡುವೆ ಬಣ್ಣ ಹಾಗೇ ಉಳಿದ ಅಷ್ಟಗಲದ ಜಾಗ, ಒಂದು ಹಲ್ಲಿನಷ್ಟೇ ಅಗಲ, ನಡುವೆ ಆ ಜಾಗ —