ಮೇಲುಗಲ್ಲು

ಬಸವಯ್ಯ ಎಡಗೆನ್ನೆಯನ್ನು ಒತ್ತಿಕೊಂಡು ಕನಕಪುರದ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದ್ದರೂ ಅವನ ಮನಸ್ಸು ಹಲ್ಲಿನ ಮೇಲಿರಲಿಲ್ಲ. ಅತ್ತ ಹೊಂಗನೂರಿನಲ್ಲಿ ತಮ್ಮ ಮುನಿಕೃಷ್ಣ ಮಲಗಿಬಿಟ್ಟಿದ್ದ. ದವಡೆಯ ಹುಣ್ಣಿಗೆಂದು ಬೆಂಗಳೂರಿನಲ್ಲಿ ಕುಯ್ಯಿಸಿ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಅವನ ಹೆಂಡತಿ ಸರಸಮ್ಮ ಹಿಂದಿನ ವಾರ ಫೋನು ಮಾಡಿದ್ದಳು.

"ಗಂಜಿ ಬುಟ್ರೆ ಏನೂ ಇಳಿಯಲ್ಲ ಬಾವ. ಅವ್ವನ ಕಲ್ಲಲ್ಲಿ ಬೀಸಿದ ರಾಗಿ ಅಂಬಲಿ ಒಂದು ಗುಟುಕು ಬೇಕು ಅಂತಾವ್ರೆ. ಮೇಲುಗಲ್ಲು ನಿಮ್ತಾವಲೇ ಐತಲ್ಲ..."

"ನೋಡಾಣ" ಎಂದು ಬಸವಯ್ಯ ಫೋನಿಟ್ಟಿದ್ದ. ಇಷ್ಟು ವರ್ಷ ಬಿಗಿದುಕೊಂಡದ್ದು ಒಂದು ಫೋನಿಗೆ ಸಡಿಲವಾಗಲಿಲ್ಲ.

ಡಾಕ್ಟರು ಪದ್ಮಶ್ರೀ ಅಂತ, ಇನ್ನೂ ಚಿಕ್ಕ ಹುಡುಗಿ. ಅಲುಗುತ್ತಿದ್ದ ಹಲ್ಲನ್ನು ಮುಟ್ಟಿ ನೋಡಿ ಕೇಳಿದಳು: "ಇದರ ನೇರಕ್ಕೆ ಮೇಲಿದ್ದ ಹಲ್ಲು ಯಾವಾಗ ಕೀಳಿಸಿದ್ರಿ ತಾತ?"

"ಫ್ಯಾಕ್ಟರಿಗೆ ನಮ್ಮ ಭೂಮಿ ಹೋಯ್ತಲ್ಲವ್ವ, ಆ ವರ್ಷ."

"ಅದಕ್ಕೇ. ಜೊತೆ ಹಲ್ಲು ಹೋದ್ಮೇಲೆ ಇದು ಅದನ್ನ ಹುಡುಕೋ ಹಂಗೆ ಮೇಲಕ್ಕೆ ಎದ್ದು ಬರುತ್ತೆ. ಬೇರು ಸಡಿಲ ಆಗುತ್ತೆ. ಒಂದೇ ಹಲ್ಲು ಇಟ್ಕೊಂಡು ಏನು ಅಗಿಯೋಕಾಗುತ್ತೆ ಹೇಳಿ?" ಸೂಜಿ ಚುಚ್ಚಿದ ಮೇಲೆ ಒಸಡು ಜೋಮು ಹಿಡಿಯುವವರೆಗೆ ಅವನ ಭಯ ಮರೆಸಲೆಂದೋ ಏನೋ, ಮಾತು ಮುಂದುವರಿಸಿದಳು. "ಈ ಹಲ್ಲಿಗೆ ನಾವು ಮೋಲಾರ್ ಅಂತೀವಿ. ಮೋಲಾ ಅಂದ್ರೆ ಹಳೇ ಲ್ಯಾಟಿನ್ ಭಾಷೇಲಿ ಬೀಸೋಕಲ್ಲು. ಫ್ರಾನ್ಸಿನೋರು, ಇಟಲಿಯೋರು ಎಲ್ಲ ಅದೇ ಮಾತನ್ನ ಒಂದಿಷ್ಟು ತಿರುಚಿ ಹೇಳ್ತಾರೆ. ಜರ್ಮನ್ನೋರು 'ಬೀಸೋ ಹಲ್ಲು' ಅಂತಾರೆ. ಸ್ಪೇನಿನಲ್ಲಂತೂ ಹಲ್ಲಿಗೂ ಕಲ್ಲಿಗೂ ಒಂದೇ ಹೆಸರು, ಮುಯೆಲಾ."

"ಅಲ್ಲೂ ರಾಗಿ ಬೀಸ್ತಿದ್ರಾ?"

"ರಾಗಿ ಎಲ್ಲಿ ಬಂತು ತಾತ, ಗೋಧಿ."

"ಏನಾದ್ರೂ ಆಗ್ಲಿ. ಅವರ ಮನೇಲೂ ಒಬ್ಬ ಅವ್ವ ಕುಂತು ಬೀಸಿರ್ತಾಳೆ. ಇಲ್ದಿದ್ರೆ ಆ ಹೆಸರು ಹೊಳೀತಿತ್ತಾ?" ಎಂದ ಬಸವಯ್ಯ. ಹುಡುಗಿ ನಕ್ಕಳು. ಅವನಿಗೆ ನಗು ಬರಲಿಲ್ಲ.

ಬಾಯಿಗೆ ಹತ್ತಿ ಕಚ್ಚಿಕೊಂಡು ಮನೆಗೆ ಮರಳಲು ಕೋಡಿಹಳ್ಳಿಯ ಬಸ್ಸಿನಲ್ಲಿ ಕುಳಿತಾಗ ಮನೆ ಭಾಗವಾದ ದಿನ ಕಣ್ಣಿಗೆ ಕಟ್ಟಿತು. ಹೊಲ ಹೋಯಿತು, ಹೊಲದ ಜೊತೆ ಊರ ಅರ್ಧವೂ ಹೋಯಿತು. ಅಣ್ಣತಮ್ಮಂದಿರು ತಂತಮ್ಮ ಹೆಂಡತಿಯರ ಊರಿನ ದಾರಿ ಹಿಡಿಯುವ ಮೊದಲು ಪಾತ್ರೆಪರಡಿ, ಎತ್ತು, ಗಾಡಿ ಎಲ್ಲ ಭಾಗವಾಯಿತು. ಕೊನೆಗೆ ಅವ್ವನ ಬೀಸುವ ಕಲ್ಲು ಉಳಿಯಿತು. ಅವರ ಕಡೆ ಕಲ್ಲನ್ನು ಭಾಗ ಮಾಡುವ ಪದ್ಧತಿಯಿಲ್ಲ; ಮನೆ ಒಡೆದರೂ ಜೋಡಿಗಲ್ಲು ಒಬ್ಬರ ಮನೆಗೇ ಹೋಗಬೇಕು. ಬಸವಯ್ಯ, "ಹಿರಿಯ ನಾನು" ಎಂದ. ಮುನಿಕೃಷ್ಣ, "ಕಡೇ ಕಾಲದಲ್ಲಿ ಅವ್ವಂಗೆ ಅನ್ನ ಇಕ್ಕಿದೋನು ನಾನು ಕಣಣ್ಣ" ಎಂದ. ಆ ಮಾತು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಬಸವಯ್ಯನಿಗೆ ಉರಿಯಿತು. ಮೇಲುಗಲ್ಲನ್ನು ಎತ್ತಿ ಎದೆಗವಚಿಕೊಂಡು, "ಕೆಳಗಿನದು ನೀನೇ ಇಟ್ಕೊಂಡು ನೆಕ್ಕು, ಹೋಗ್ಲಾ" ಎಂದುಬಿಟ್ಟ. ನೆರೆದ ಹಿರಿಯರು ಬೇಡ ಬೇಡ ಎಂದರು. ಯಾರು ಕೇಳಬೇಕು?

ಅಂದಿನಿಂದ ಆ ಮೇಲುಗಲ್ಲು ಬಸವಯ್ಯನ ಹಿತ್ತಲಲ್ಲಿ ನೀರಿನ ಡ್ರಮ್ಮಿನ ಮುಚ್ಚಳ ಗಾಳಿಗೆ ಹಾರದ ಹಾಗೆ ಕೂತಿತ್ತು.

ಮಾರನೆಯ ಬೆಳಿಗ್ಗೆ ಅದನ್ನು ಇಳಿಸಿ, ತೊಳೆದು, ಗೋಣಿಚೀಲದಲ್ಲಿ ಕಟ್ಟಿದ. ಬಸ್ಸು ಬದಲಿಸಿದಲ್ಲೆಲ್ಲ ಯಾರಾದರೊಬ್ಬರು ಕೈ ಕೊಟ್ಟರು. ಚನ್ನಪಟ್ಟಣದಲ್ಲಿ ಕಂಡಕ್ಟರು ಚೀಲವನ್ನು ಕಾಲಿನಿಂದ ತಳ್ಳಿ ನೋಡಿ ಹೌಹಾರಿದ. "ಏನ್ ಯಜಮಾನ್ರೇ, ನೆಂಟರ ಮನೆಗೆ ಕಲ್ಲು ಹೊತ್ಕೊಂಡು ಹೊಂಟಿದ್ದೀರಾ? ಹೊಂಗನೂರಲ್ಲಿ ಕಲ್ಲು ಸಿಕ್ಕಲ್ವಾ?"

"ಇದರ ಜೋಡಿ ಅಲ್ಲೈತೆ ಕಣಪ್ಪ" ಎಂದ ಬಸವಯ್ಯ. ಕಂಡಕ್ಟರು ಬಗ್ಗಿ ಚೀಲವನ್ನು ಸೀಟಿನ ಕೆಳಗೆ ಸರಿಸಿಕೊಟ್ಟ.

ಸರಸಮ್ಮ ಬಾಗಿಲಲ್ಲೇ ಅತ್ತಳು. ಒಳಗೆ ಮುನಿಕೃಷ್ಣ ಗೋಡೆಗೆ ಒರಗಿದ್ದ. ಒಂದು ಕಡೆ ದವಡೆಯೇ ಇರಲಿಲ್ಲ. ಕೆನ್ನೆ ಒಳಕ್ಕೆ ಬಿದ್ದು ಮುಖ ಬೇರೆ ಯಾರದೋ ಆಗಿತ್ತು. ಕಣ್ಣು ಮಾತ್ರ ಅವನದೇ. ಗೋಣಿಚೀಲದ ಕಡೆ ನೋಡಿ, ತೊದಲುತ್ತಾ, "ತಂದ್ಯಾ?" ಎಂದ.

"ತಂದೆ ಕಣ್ಲಾ."

ಬಸವಯ್ಯ ಚೀಲ ಬಿಚ್ಚಿ ಕಲ್ಲನ್ನು ತಮ್ಮನ ಮುಂದಿಟ್ಟ.

ಕೆಳಗಲ್ಲು ಬಚ್ಚಲ ಪಕ್ಕದಲ್ಲಿತ್ತು. ಸರಸಮ್ಮ ಅದರ ಮೇಲೆ ಬಟ್ಟೆ ಒಗೆದಿದ್ದಳು, ಮುನಿಕೃಷ್ಣ ಕುಡುಗೋಲು ಮಸೆದಿದ್ದ. ಬಸವಯ್ಯನೂ ಸರಸಮ್ಮನೂ ಸೇರಿ ಅದನ್ನು ಎಳೆದು ತಂದು ಪಡಸಾಲೆಯಲ್ಲಿಟ್ಟು ಉಜ್ಜಿ ಒರೆಸಿದರು. ಬಸವಯ್ಯ ಗೂಟ ಕೆತ್ತಿ ಬಿಗಿದು, ಮೇಲುಗಲ್ಲನ್ನು ಕೂರಿಸಿದ. ಅವ್ವ ಮಾಡುತ್ತಿದ್ದಂತೆ ಮೊದಲ ಹಿಡಿ ರಾಗಿಯನ್ನು ಹಣೆಗೆ ಮುಟ್ಟಿಸಿ ಕಲ್ಲಿನ ಬಾಯಿಗೆ ಹಾಕಿದ.

ಕಲ್ಲು ತಿರುಗಿತು. ಆದರೆ ಹಿಟ್ಟು ಬರಲಿಲ್ಲ. ಮಸೆದು ಮಸೆದು ಕೆಳಗಲ್ಲು ನಡುವೆ ಗುಳಿಬಿದ್ದು ನುಣ್ಣಗಾಗಿತ್ತು. ಮೇಲಿನದರಲ್ಲಿ ಉಳಿಯಿಂದ ಕೊರೆದ ಕಚ್ಚು ಹಾಗೇ ಇತ್ತು. ಒಂದು ಕಡೆ ತಾಗಿದರೆ ಇನ್ನೊಂದು ಕಡೆ ಸಂದು. ಅರ್ಧ ರಾಗಿ ಇಡಿಯಾಗಿಯೇ ಜಾರಿ ಬಂತು, ಮಿಕ್ಕದ್ದರಲ್ಲಿ ಕಲ್ಲಿನ ಪುಡಿ. ಬಸವಯ್ಯ ಬೆರಳಿನಿಂದ ಚೂರು ತೆಗೆದು ನಾಲಿಗೆಗೆ ಹಾಕಿಕೊಂಡ. ಹಲ್ಲು ಕಿತ್ತ ಹಸಿ ಗಾಯಕ್ಕೆ ಅದು ಚುಚ್ಚಿತು. ದವಡೆಯೇ ಇಲ್ಲದವನಿಗೆ ಇದನ್ನು ಹೇಗೆ ಕುಡಿಸುವುದು?

"ಕಲ್ಲು ಕುಟ್ಟೋರನ್ನ ಕರೆಸಿ ಕಚ್ಚು ಹಾಕಿಸಿದ್ರೆ?" ಎಂದ ಮೆಲ್ಲಗೆ.

"ಈಗೆಲ್ಲಿ ಬತ್ತಾರೆ ಬಾವ, ಎಲ್ಲಾ ಮನೇಲೂ ಮಿಕ್ಸಿ. ಮಾಗಡಿ ಕಡೆ ಯಾರೋ ಅವ್ರಂತೆ, ಬರೋಕೆ ವಾರ ಹತ್ತು ದಿನ ಆಯ್ತದೆ. ಅಷ್ಟೊತ್ತಿಗೆ..." ಸರಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವಳು ಒಳಗೆ ಹೋಗಿ ಮಿಲ್ಲಿನ ಹಿಟ್ಟಿನಲ್ಲೇ ಅಂಬಲಿ ಕಾಯಿಸಿ, ಸೋಸಿ, ಚಮಚದಲ್ಲಿ ಹಾಕಿದಳು. ಮುನಿಕೃಷ್ಣ ಎರಡು ಗುಟುಕು ಇಳಿಸಿದ. "ಮಿಶನ್ನಿಂದು" ಎಂದ. ಸಿಟ್ಟಿನಿಂದಲ್ಲ, ತಿಳಿಯಿತು ಎನ್ನುವ ಹಾಗೆ.

ಬಸವಯ್ಯ ತಲೆ ತಗ್ಗಿಸಿದ. "ಹಿಟ್ಟು ಬರ್ನಿಲ್ಲ ಕಣೋ ಮುನೀ. ಕಲ್ಲು ಒಂದಕ್ಕೊಂದು ಕೂರ್ತಾ ಇಲ್ಲ. ಅಂದೇ ನಾನು ನಿಂಗೆ ಬುಟ್ಟು ಹೋಗಿದ್ದಿದ್ರೆ..."

ಮುನಿಕೃಷ್ಣ ಕೈಯೆತ್ತಿ ಸಾಕು ಎಂದ. ಆಮೇಲೆ ಅದೇ ಕೈಯನ್ನು ಗಾಳಿಯಲ್ಲಿ ಮೆಲ್ಲಗೆ ಸುತ್ತಿಸಿದ. "ಸದ್ದು" ಎಂದ. "ಸದ್ದು ಕೇಳ್ತೀನಣ್ಣ. ಒಸಿ ತಿರುಗ್ಸು."

ಬಸವಯ್ಯ ಪಡಸಾಲೆಗೆ ಬಂದು ಕಲ್ಲಿನ ಮುಂದೆ ಕಾಲು ಚಾಚಿ ಕುಳಿತ, ಅವ್ವ ಕೂರುತ್ತಿದ್ದ ಹಾಗೆ. ಹಾಕಿದ್ದ ರಾಗಿಯನ್ನು ಗುಡಿಸಿ ತೆಗೆದು ಬರಿಗಲ್ಲನ್ನೇ ತಿರುಗಿಸತೊಡಗಿದ. ಗರ ಗರ ಸದ್ದು, ನಡುನಡುವೆ ತಪ್ಪುತ್ತಿದ್ದರೂ, ಮನೆಯೊಳಕ್ಕೆಲ್ಲ ಹೋಯಿತು. ಮುನಿಕೃಷ್ಣನ ಕಣ್ಣು ಮುಚ್ಚಿಕೊಂಡಿತು, ಉಸಿರು ಆಡುತ್ತಿತ್ತು.

"ಬರಿಗಲ್ಲು ಬೀಸಬ್ಯಾಡಿ, ಮನೆಗೆ ಆಗ್ಬರಲ್ಲ ಅಂತ ಅತ್ತೆ ಬೈಯ್ತಿದ್ರಲ್ಲ ಬಾವ" ಎಂದಳು ಸರಸಮ್ಮ.

"ಗೊತ್ತು ಕಣವ್ವ" ಎಂದ ಬಸವಯ್ಯ. ಕೈ ನಿಲ್ಲಿಸಲಿಲ್ಲ.