ಗೌಡರ ಹಿತ್ತಲಿನ ಇರುವೆಗಳು

ಅತನೂರಿನ ದೌಲತರಾಯ ಗೌಡರಿಗೆ ಸಕ್ಕರೆ ರೋಗ. ವೈದ್ಯ ಅಂಬಾರಾಯ ಬೇಲಿ ಬೇಲಿ ಅಲೆದು ಮಧುನಾಶಿನಿ ಎಲೆ ತಂದು ಅರೆದು ಕುಡಿಸುತ್ತಿದ್ದ. ಪರೀಕ್ಷೆಯೂ ಅವನ ಅಜ್ಜನ ಕಾಲದ್ದೇ: ಗೌಡರು ಬೆಳಿಗ್ಗೆ ಹಿತ್ತಲಿನ ಬಂಡೆಯ ಮೇಲೆ ಉಚ್ಚೆ ಹೊಯ್ಯಬೇಕು, ಇರುವೆ ಮುತ್ತಿದರೆ ಸಕ್ಕರೆ ಇನ್ನೂ ಇಳಿದಿಲ್ಲ.

ತಿಂಗಳಾದರೂ ಬಂಡೆ ತುಂಬ ಇರುವೆಯೇ.

"ಏನಲೇ ಅಂಬ್ಯಾ, ಸಂತಿ ಕೂಡ್ಯದಲ್ಲ! ನಾಳೆನೂ ಇರುವಿ ಕಂಡ್ರ ಹೈದರಾಬಾದಿಗೆ ಹೋಗಿ ಸೂಜಿ ಚುಚ್ಚಿಸ್ಕೋತೇನಿ. ನಿನ್ನ ಎಲಿ ನಿನ್ನ ಆಡಿಗೆ ಹಾಕು," ಎಂದರು ಗೌಡರು.

ಮೂರು ತಲೆಮಾರಿನ ಹೆಸರು ಗೌಡರ ಉಚ್ಚೆಯಲ್ಲಿ ಕೊಚ್ಚಿಹೋಗುತ್ತದಲ್ಲ ಎಂದು ಅಂಬಾರಾಯ ಮರುದಿನ ನಸುಕಿನಲ್ಲೇ ಬಂದು ಹುಣಸೆ ಮರದ ಹಿಂದೆ ಕಾದು ಕುಳಿತ. ಗೌಡರು ಬಂದು ತಮ್ಮ ಕೆಲಸ ಮುಗಿಸಿ ಹೋದರು. ಒಂದು ಇರುವೆಯೂ ಸುಳಿಯಲಿಲ್ಲ. ಆಮೇಲೆ ಗೌಡರ ಹೆಂಡತಿ ಸುಭದ್ರಾಬಾಯಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದು ಬಂಡೆಯ ಮೇಲೆ ಹಿಡಿ ಸಕ್ಕರೆ ಉದುರಿಸಿದರು.

"ಏನ್ ಮಾಡಾಕತ್ತೀರಿ ಅವ್ವಾರ?"

"ದಾಸೋಹಪಾ. ನಮ್ಮನಿಯವರನ್ನ ನಂಬಿ ಬಂದ ಜೀವ ಇವು. ಹದಿನೈದು ದಿನ ಆತು, ಅವರ ಕಡಿಂದ ಏನೂ ಸಿಗವಲ್ದು. ಉಪಾಸ ಕೆಡವಿದ್ರ ಶಿವ ಮೆಚ್ಚತಾನೇನು?"

ಅಂಬಾರಾಯ ಆ ಬಂಡೆಗೇ ಅಡ್ಡಬಿದ್ದ.

"ಗೌಡ್ರ, ಹೊರಗ ಬರ್ರಿ!" ಎಂದು ಕೂಗಿದ. "ನಿಮ್ಮ ರೋಗ ಇಳದದ, ಅವ್ವಾರ ಪುಣ್ಯ ಏರ್ಯದ!"